ಆಪರೇಷನ್ ಆದ ಕಣ್ಣು ಮತ್ತೆ ಮಬ್ಬಾದರೆ: ಲೇಸರ್‌ಗೆ ಮುಂಚೆ ಮಬ್ಬು ಎಲ್ಲಿದೆ ಅಂತ ಪತ್ತೆ ಮಾಡಿ

ಪೊರೆ ಆಪರೇಷನ್ ಆಗಿ ಒಂದೆರಡು ವರ್ಷ ಚೆನ್ನಾಗಿ ಕಾಣುತ್ತಿದ್ದ ಕಣ್ಣು ಮೆಲ್ಲಗೆ ಮಬ್ಬಾಗತೊಡಗಿದರೆ ಬಹಳ ಜನಕ್ಕೆ ಸಿಗುವ ಉತ್ತರ ಒಂದೇ: ಲೆನ್ಸ್ ಹಿಂದಿನ ಪದರ ದಪ್ಪ ಆಗಿದೆ, ಯಾಗ್ ಲೇಸರ್ ಮಾಡಿದರೆ ಐದು ನಿಮಿಷದ ಕೆಲಸ. ಹೆಚ್ಚಿನ ಸಲ ಈ ಉತ್ತರ ಸರಿಯೇ ಇರುತ್ತದೆ. ಆದರೆ ಕೆಲವು ಕಣ್ಣುಗಳಲ್ಲಿ ಮಬ್ಬಾಗಿರುವುದು ಹಿಂದಿನ ಪದರ ಅಲ್ಲ, ಒಳಗೆ ಕೂರಿಸಿದ ಲೆನ್ಸೇ. ಅಂಥ ಕಣ್ಣಿಗೆ ಲೇಸರ್ ಹೊಡೆದರೆ ಮಬ್ಬು ಹೋಗುವುದಿಲ್ಲ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಮುಂದೆ ಆ ಲೆನ್ಸ್ ಬದಲಾಯಿಸುವ ಕೆಲಸ ಕೂಡ ತುಂಬಾ ಕಷ್ಟವಾಗಿಬಿಡುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಮಬ್ಬು ಯಾವ ಪದರದಲ್ಲಿದೆ ಅಂತ ಖಚಿತವಾಗುವವರೆಗೆ ಲೇಸರ್ ಬೇಡ.

ಮೊದಲು ಅರ್ಜೆಂಟ್ ವಿಷಯ

ಲೆನ್ಸ್ ಮಬ್ಬಾಗುವುದು ನಿಧಾನಕ್ಕೆ ನಡೆಯುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಒಂದೆರಡು ದಿನದಲ್ಲೇ ನೋಟ ಕುಸಿದಿದ್ದರೆ, ನೋವು ಅಥವಾ ಕೆಂಪು ಇದ್ದರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲತೊಡಗಿದರೆ, ಮಿಂಚು ಹೊಡೆದಂತೆ ಕಂಡರೆ ಅಥವಾ ಒಂದು ಬದಿಯಿಂದ ಪರದೆ ಇಳಿದ ಹಾಗಾದರೆ ಇದನ್ನು ಓದುತ್ತಾ ಕೂರಬೇಡಿ. ಒಳಗೆ ಸೋಂಕಾಗಿರಬಹುದು, ಕಣ್ಣಿನ ಹಿಂದಿನ ನೋಟದ ಪದರ, ಅಂದರೆ ರೆಟಿನಾ, ಕಳಚಿಕೊಂಡಿರಬಹುದು. ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಒಳಗೆ ಏನಿದೆ, ಏನು ಕೆಡುತ್ತದೆ

ಆಪರೇಷನ್‌ನಲ್ಲಿ ಹಳೆಯ ಲೆನ್ಸಿನ ತಿರುಳು ತೆಗೆದು, ಅದನ್ನು ಸುತ್ತಿಕೊಂಡಿದ್ದ ತೆಳು ಚೀಲವನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಚೀಲದ ಮುಂದಿನ ಗೋಡೆಯಲ್ಲಿ ದುಂಡಗೆ ಒಂದು ಕಿಂಡಿ ಮಾಡಿ, ಅದರೊಳಗೆ ಕೃತಕ ಲೆನ್ಸ್ ಕೂರಿಸುತ್ತಾರೆ. ಹಿಂದಿನ ಗೋಡೆ ಇಡಿಯಾಗಿ ಉಳಿಯುತ್ತದೆ. ಲೆನ್ಸ್ ಕಿಟಕಿಯ ಗಾಜು ಅಂದುಕೊಂಡರೆ ಚೀಲದ ಹಿಂಗೋಡೆ ಅದರ ಬೆನ್ನಿಗೆ ಅಂಟಿದ ತೆಳು ಪರದೆ. ಪರದೆ ಕೊಳೆಯಾದರೆ ಅದರ ನಡುವೆ ಲೇಸರ್‌ನಿಂದ ಕಿಂಡಿ ತೆಗೆಯಬಹುದು. ಗಾಜಿನೊಳಗೇ ಕಲೆ ಕೂತಿದ್ದರೆ ಗಾಜನ್ನೇ ಬದಲಾಯಿಸಬೇಕು.

ಪರದೆ ಕೊಳೆಯಾಗುವುದಕ್ಕೆ ಕಾರಣ, ಚೀಲದಲ್ಲಿ ಉಳಿದುಕೊಂಡ ಜೀವಕೋಶಗಳು. ಅವು ಹಿಂಗೋಡೆಯ ಮೇಲೆ ಹರಡಿ ಮುತ್ತಿನಂಥ ಗುಳ್ಳೆಗಳಾಗುತ್ತವೆ, ಇಲ್ಲವೇ ನಾರುಗಟ್ಟುತ್ತವೆ. ಇದು ತೀರಾ ಸಾಮಾನ್ಯ. ಗಾಜು ಕೆಡುವುದು ಅಪರೂಪ, ಮತ್ತು ಅದು ಲೆನ್ಸ್ ಯಾವ ವಸ್ತುವಿನದು ಅನ್ನುವುದರ ಮೇಲೆ ನಿಂತಿದೆ.

1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಲೆನ್ಸ್ ಕೂರಿಸಿದಾಗ ಬಳಸಿದ್ದು ಪಿಎಂಎಂಎ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅದನ್ನು ಮಡಚಲು ಬರುವುದಿಲ್ಲ, ಗಾಯ ದೊಡ್ಡದಾಗಬೇಕು. ಆಮೇಲೆ ಬಂದವು ಮಡಚಿ ಸಣ್ಣ ಗಾಯದಲ್ಲಿ ತೂರಿಸುವ ಲೆನ್ಸ್‌ಗಳು: ಸಿಲಿಕೋನ್, ನೀರನ್ನು ಅಷ್ಟಾಗಿ ಹೀರದ ಹೈಡ್ರೋಫೋಬಿಕ್ ಅಕ್ರಿಲಿಕ್, ಹೈಡ್ರೋಫಿಲಿಕ್ ಅಕ್ರಿಲಿಕ್. ಈ ಕೊನೆಯದೇ ನಮ್ಮ ಕಥೆಯ ಮುಖ್ಯ ಪಾತ್ರ. ಅದು ನೀರು ಹೀರಿಕೊಳ್ಳುವ ವಸ್ತು. ಸಾಮಾನ್ಯವಾಗಿ ಅದರ ತೂಕದ ಕಾಲು ಭಾಗದಷ್ಟು ನೀರೇ ಇರುತ್ತದೆ. ಮೆತ್ತಗೆ ಮಡಚಿಕೊಳ್ಳುತ್ತದೆ, ಸುಲಭವಾಗಿ ಒಳಗೆ ಹೋಗುತ್ತದೆ, ಕಣ್ಣಿಗೂ ಒಗ್ಗುತ್ತದೆ. ಆದರೆ ಕಣ್ಣಿನ ಒಳನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡ ಆ ನೀರಿನ ಜೊತೆ ಲೆನ್ಸಿನೊಳಗೆ ಇಳಿಯಬಲ್ಲವು. ಪರಿಸ್ಥಿತಿ ಕೂಡಿಬಂದರೆ ಅಲ್ಲೇ ಹರಳುಗಟ್ಟುತ್ತವೆ. ಮೂಳೆ, ಹಲ್ಲಿನಲ್ಲಿ ಇರುವಂಥದೇ ಕ್ಯಾಲ್ಸಿಯಂ ಫಾಸ್ಫೇಟ್. ಲೆನ್ಸ್ ಮೇಲ್ಮೈಯಲ್ಲೂ ಅದರ ಸ್ವಲ್ಪ ಕೆಳಗೂ ಸಣ್ಣ ಸಣ್ಣ ಬಿಳಿ ಕಾಳುಗಳ ಹಾಗೆ ಕೂರುತ್ತದೆ. ಒರೆಸಿದರೆ ಹೋಗುವಂಥದ್ದಲ್ಲ. ಇದನ್ನೇ ಮುಂದೆ ಸುಣ್ಣ ಅಂತ ಕರೆಯುತ್ತೇನೆ.

ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿ ಆಗಿ ಹೀಗಾಯಿತಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಇದಕ್ಕೆ ಹೆದರಿ ಸುಮ್ನೆ ನಿಲ್ಲಿಸಬೇಡಿ.

ಪತ್ತೆ ಶುರು: ಲೆನ್ಸ್ ಕಾರ್ಡ್ ಹುಡುಕಿ

ಆಪರೇಷನ್ ದಿನ ಕೊಟ್ಟ ಕಾರ್ಡಿನಲ್ಲಿ ಅಥವಾ ಡಿಸ್ಚಾರ್ಜ್ ಕಾಗದದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಲೆನ್ಸಿನ ಹೆಸರು, ಮಾಡೆಲ್, ಪವರ್, ಸೀರಿಯಲ್ ಅಥವಾ ಲಾಟ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಅರ್ಧ ಪತ್ತೆದಾರಿ ಈ ಸ್ಟಿಕ್ಕರ್‌ನಲ್ಲೇ ಮುಗಿಯುತ್ತದೆ ಅಂದರೂ ತಪ್ಪಿಲ್ಲ, ಯಾಕೆಂದರೆ ಮಾಡೆಲ್ ಗೊತ್ತಾದರೆ ವಸ್ತು ಯಾವುದು ಅಂತ ಗೊತ್ತಾಗುತ್ತದೆ. ಕಾರ್ಡ್ ಕಳೆದಿದ್ದರೆ ಆಪರೇಷನ್ ಮಾಡಿದ ಕಡೆಯ ದಾಖಲೆಯಲ್ಲಿ ಕೇಳಿ.

ಇಲ್ಲೊಂದು ಎಚ್ಚರ. ಕೆಲವು ಲೆನ್ಸ್‌ಗಳ ವಿವರದಲ್ಲಿ "ಹೈಡ್ರೋಫೋಬಿಕ್ ಮೇಲ್ಮೈ" ಅಂತ ಬರೆದಿರುತ್ತದೆ. ಅದರ ಒಡಲು ಹೈಡ್ರೋಫಿಲಿಕ್ ಅಕ್ರಿಲಿಕ್ಕೇ, ಮೇಲಿನ ಗುಣ ಮಾತ್ರ ಬೇರೆ. ಅಂಥ ಲೆನ್ಸ್‌ಗಳಿಗೂ ಸುಣ್ಣ ಹಿಡಿದಿದೆ. ಹೈಡ್ರೋಫೋಬಿಕ್ ಅನ್ನುವ ಪದ ಕಂಡ ಕೂಡಲೇ ಈ ಅನುಮಾನವನ್ನು ಬಿಟ್ಟುಬಿಡಬೇಡಿ.

ಆಮೇಲೆ ಕಣ್ಣಿನ ಚರಿತ್ರೆ

ಪೊರೆ ಆಪರೇಷನ್ ಆದಮೇಲೆ ಆ ಕಣ್ಣಿಗೆ ಇನ್ನೇನಾದರೂ ಆಗಿದೆಯಾ? ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ರೆಟಿನಾಗೆ ವಿಟ್ರೆಕ್ಟಮಿ, ಅಂದರೆ ಕಣ್ಣಿನ ಹಿಂಭಾಗದ ಜೆಲ್ ತೆಗೆಯುವ ಆಪರೇಷನ್ ಮಾಡಿ ಒಳಗೆ ಗ್ಯಾಸ್ ತುಂಬಿದ್ದರಾ? ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಒಳಪದರದ ಕಸಿ, ಅಂದರೆ ಡಿಎಸ್‌ಎಇಕೆ ಅಥವಾ ಡಿಎಂಇಕೆ ಮಾಡಿ, ಕಸಿ ಅಂಟಿಕೊಳ್ಳಲಿ ಅಂತ ಗಾಳಿಗುಳ್ಳೆ ಬಿಟ್ಟಿದ್ದರಾ? ಗುಳ್ಳೆಯನ್ನು ಮತ್ತೆ ಮತ್ತೆ ತುಂಬಬೇಕಾಯಿತಾ? ಗಾಳಿ ಅಥವಾ ಗ್ಯಾಸ್ ಹೈಡ್ರೋಫಿಲಿಕ್ ಲೆನ್ಸಿಗೆ ತಾಗಿದ ಕಣ್ಣಿನಲ್ಲಿ ಕೆಲವು ತಿಂಗಳ ನಂತರ ಸುಣ್ಣ ಹಿಡಿಯುವುದು ಚೆನ್ನಾಗಿ ದಾಖಲಾದ ಸಂಗತಿ. ಕಣ್ಣಿನ ಒಳಗೆ ಆರ್‌ಟಿಪಿಎ ಅನ್ನುವ ಫೈಬ್ರಿನ್ ಕರಗಿಸುವ ಔಷಧಿ ಕೊಟ್ಟಮೇಲೂ ಹೀಗಾಗಿದೆ.

ಮರುಕಳಿಸುವ ಯುವೈಟಿಸ್ (ಕಣ್ಣಿನ ಒಳಗಿನ ಉರಿಯೂತ) ಇದ್ದರೂ, ಡಯಾಬಿಟಿಸ್‌ನಿಂದ ರೆಟಿನಾ ಕೆಟ್ಟಿದ್ದರೂ ಅನುಮಾನ ಜಾಸ್ತಿ. ರಕ್ತಕ್ಕೂ ಕಣ್ಣಿನ ಒಳನೀರಿಗೂ ನಡುವೆ ಒಂದು ತಡೆಗೋಡೆ ಇದೆ. ಉರಿಯೂತದಲ್ಲಿ, ಆಪರೇಷನ್‌ಗಳಲ್ಲಿ ಅದು ಸಡಿಲವಾಗುತ್ತದೆ, ಒಳನೀರಿನ ಲವಣಗಳ ಲೆಕ್ಕ ಏರುಪೇರಾಗುತ್ತದೆ. ಸುಣ್ಣ ಹಿಡಿಯುವುದಕ್ಕೆ ಬೇಕಾದದ್ದು ಅದೇ ಅಲ್ವಾ.

ಇವು ಯಾವುದೂ ಇಲ್ಲದೆ, ಬರೀ ಪೊರೆ ಆಪರೇಷನ್ ಆದ ಸುಮ್ಮನಿರುವ ಕಣ್ಣಿನಲ್ಲೂ ಲೆನ್ಸ್ ಬೆಳ್ಳಗಾಗಬಹುದು. ಆಗ ದೋಷ ಲೆನ್ಸಿನ ತಯಾರಿಕೆಯಲ್ಲಿ ಅಥವಾ ಪ್ಯಾಕಿಂಗ್‌ನಲ್ಲಿ ಇದ್ದಿರಬಹುದು. 1990ರ ದಶಕದ ಕೊನೆಯಲ್ಲಿ ಹೈಡ್ರೋವ್ಯೂ ಅನ್ನುವ ಹೈಡ್ರೋಫಿಲಿಕ್ ಲೆನ್ಸ್‌ಗಳು ಹೀಗೆ ಸಾಲುಸಾಲಾಗಿ ಮಬ್ಬಾದಾಗ ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಡಬ್ಬಿಯ ಸಿಲಿಕೋನ್ ಗ್ಯಾಸ್ಕೆಟ್. ಅದರಿಂದ ಬಿಟ್ಟ ಸಿಲಿಕೋನ್ ಅಂಶ ಲೆನ್ಸ್ ಮೇಲೆ ಕೂತಿತ್ತು, ಸುಣ್ಣ ಹಿಡಿಯಲು ಅದು ದಾರಿ ಮಾಡಿಕೊಟ್ಟಿತ್ತು. ಕಣ್ಣಿನಲ್ಲಿ ಯಾವ ತಪ್ಪೂ ಇರಲಿಲ್ಲ. ಈ ಬಗೆಯಲ್ಲಿ ಇನ್ನೊಂದು ಕಣ್ಣಿನಲ್ಲೂ ಅದೇ ಮಾಡೆಲ್ ಇದ್ದರೆ ಅದನ್ನೂ ನೋಡಲೇಬೇಕು.

"ಚಾರ್ಟ್ ಎಲ್ಲ ಓದಿದಿರಲ್ಲ, ಸರಿಯಾಗೇ ಇದೆ" ಅಂದರೆ

ಈ ಮಾತು ಕೇಳಿ ಮನೆಗೆ ವಾಪಸಾದವರು ತುಂಬಾ ಜನ. ಕತ್ತಲೆ ರೂಮಿನಲ್ಲಿ, ಬಿಳಿ ಹಿನ್ನೆಲೆಯ ಮೇಲೆ ಅಚ್ಚಕಪ್ಪು ಅಕ್ಷರ ಓದುವ ಪರೀಕ್ಷೆಯಲ್ಲಿ ಸುಣ್ಣ ಹಿಡಿದ ಲೆನ್ಸ್ ಕೂಡ ಪಾಸಾಗಬಹುದು. ಅದು ಬೆಳಕನ್ನು ತಡೆಯುವುದಕ್ಕಿಂತ ಜಾಸ್ತಿ ಚದುರಿಸುತ್ತದೆ. ಎದುರಿಗೆ ಬರುವ ಗಾಡಿಯ ಲೈಟ್ ಕಂಡರೆ ಇಡೀ ನೋಟ ಬೆಳ್ಳಗಾಗುವುದು, ದೀಪದ ಸುತ್ತ ಬಳೆ ಕಾಣುವುದು, ಬಿಸಿಲಿನಲ್ಲಿ ಎದುರಿಗಿರುವವರ ಮುಖ ಗೊತ್ತಾಗದಿರುವುದು, ಬಣ್ಣಗಳೆಲ್ಲ ತೊಳೆದುಹೋದಂತೆ ಕಾಣುವುದು, ಇವು ನಿಜವಾದ ದೂರುಗಳು. ಚಾರ್ಟಿನಲ್ಲಿ ಇವು ಕಾಣುವುದಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ.

ಹಾಗಾಗಿ ಎರಡು ಪರೀಕ್ಷೆ ಕೇಳಿ. ಒಂದು, ಮುಖಕ್ಕೆ ಬೆಳಕು ಬಿಟ್ಟುಕೊಂಡು ಚಾರ್ಟ್ ಓದಿಸುವ ಗ್ಲೇರ್ ಟೆಸ್ಟ್. ಇನ್ನೊಂದು, ಮಾಸಲು ಅಕ್ಷರಗಳನ್ನು ಓದಿಸುವ ಕಾಂಟ್ರಾಸ್ಟ್ ಟೆಸ್ಟ್. ಬೆಳಕು ಬಿಟ್ಟ ಕೂಡಲೇ ಮೊದಲಿಗಿಂತ ಎರಡು ಮೂರು ಸಾಲು ಕಡಿಮೆ ಓದಲಾದರೆ ನಿಮ್ಮ ದೂರಿಗೆ ಪುರಾವೆ ಸಿಕ್ಕಿತು. ಹೊಸ ಕನ್ನಡಕದ ನಂಬರ್‌ನಿಂದಲೂ ಸಣ್ಣ ತೂತಿನ ಮೂಲಕ ನೋಡಿಸುವ ಪಿನ್‌ಹೋಲ್‌ನಿಂದಲೂ ನೋಟ ಸುಧಾರಿಸದಿದ್ದರೆ ಅದು ಬರೀ ನಂಬರ್‌ನ ಸಮಸ್ಯೆ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಒಂದೊಂದೇ ಕಣ್ಣು ಮುಚ್ಚಿ ದೂರದ ದೀಪ ನೋಡಿ, ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ, ಯಾವಾಗಿನಿಂದ ಇದೆ ಅಂತ ಬರೆದಿಟ್ಟುಕೊಳ್ಳಿ. ಲೆನ್ಸಿನೊಳಗೆ ಏನಿದೆ ಅಂತ ಕನ್ನಡಿಯಲ್ಲಿ ಯಾರಿಗೂ ಕಾಣುವುದಿಲ್ಲ.

ಲೆನ್ಸ್ ಅಲ್ಲದ ಕಾರಣಗಳನ್ನು ಪಕ್ಕಕ್ಕಿಡಿ

ಇದನ್ನು ಬೇಗ ಮುಗಿಸೋಣ. ಕಣ್ಣು ಒಣಗಿದ್ದರೆ ರೆಪ್ಪೆ ಬಡಿದಾಗ ನೋಟ ತಿಳಿಯಾಗಿ ಮತ್ತೆ ಮಂಕಾಗುತ್ತದೆ. ಕಾರ್ನಿಯಾ ಊದಿದ್ದರೆ ಬೆಳಿಗ್ಗೆ ಮಬ್ಬು ಜಾಸ್ತಿ, ಹೊತ್ತು ಏರಿದಂತೆ ಕಡಿಮೆ. ರೆಟಿನಾದ ನಡುಭಾಗ ಊದಿದ್ದರೆ ಗೆರೆಗಳು ಸೊಟ್ಟಗೆ ಕಾಣುತ್ತವೆ. ಆಪರೇಷನ್ ಆದ 4ರಿಂದ 12 ವಾರಗಳ ನಡುವೆ ಇದು ಹೆಚ್ಚು, ಕಣ್ಣಿನ ಪದರಗಳನ್ನು ಬೆಳಕಿನಿಂದ ಸೀಳಿ ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಗ್ಲಾಕೋಮಾ, ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಕಾಯಿಲೆ, ಡಯಾಬಿಟಿಸ್‌ನ ರೆಟಿನಾ ತೊಂದರೆ ಇವನ್ನೂ ನೋಡಬೇಕು. ಒಂದು ಸುಲಭದ ಸುಳಿವು ಇದೆ: ಹೊರಗಿನಿಂದ ನೋಡಿದಾಗ ಡಾಕ್ಟರಿಗೆ ರೆಟಿನಾ ಸ್ಫಟಿಕದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದು, ನಿಮಗೆ ಮಾತ್ರ ತುಂಬಾ ಮಬ್ಬು ಇದ್ದರೆ, ತಪ್ಪು ಲೆನ್ಸಿನದಲ್ಲದೆ ಹಿಂದೆ ಎಲ್ಲೋ ಇರುವ ಸಾಧ್ಯತೆ ಹೆಚ್ಚು.

ಸ್ಲಿಟ್ ಲ್ಯಾಂಪ್‌ನಲ್ಲಿ ನಿಜವಾದ ಪತ್ತೆ

ಪಾಪೆ ಹಿಗ್ಗಿಸದೆ ಇದನ್ನು ಹೇಳಲು ಹೋಗಲೇಬಾರದು. ಡ್ರಾಪ್ಸ್ ಹಾಕಿ, ಪಾಪೆ ಎಷ್ಟು ಹಿಗ್ಗುತ್ತದೋ ಅಷ್ಟು ಹಿಗ್ಗಿಸಿ, ಡಾಕ್ಟರು ಕಣ್ಣನ್ನು ದೊಡ್ಡದು ಮಾಡಿ ನೋಡುವ ಯಂತ್ರ, ಸ್ಲಿಟ್ ಲ್ಯಾಂಪಿನ ಬೆಳಕನ್ನು ತೆಳು ಗೆರೆ ಮಾಡಿ ಓರೆಯಾಗಿ ಬಿಡಬೇಕು. ಆಗ ಪದರಗಳು ಒಂದರ ಹಿಂದೊಂದು ಬಿಡಿಸಿಕೊಂಡು ಕಾಣುತ್ತವೆ: ಲೆನ್ಸಿನ ಮುಂಮೈ, ಅದರ ಒಡಲು, ಹಿಂಮೈ, ಆಮೇಲೆ ಚೀಲದ ಗೋಡೆ. ದೊಡ್ಡದು ಮಾಡಿ ನೋಡುತ್ತಾ ಫೋಕಸ್ ಅನ್ನು ಒಂದೊಂದಕ್ಕೇ ಸರಿಸುತ್ತಾ ಹೋಗಬೇಕು. ಬಿಳಿ ಚುಕ್ಕೆಗಳು ಮುಂಮೈ ಜೊತೆ ಫೋಕಸ್ ಆಗುತ್ತವಾ, ಹಿಂಗೋಡೆ ಜೊತೆಗಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಆಯಿತು. ಎದುರಿನಿಂದ ಅಗಲ ಬೆಳಕು ಬಿಟ್ಟು "ಮಬ್ಬಿದೆ" ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ, ಎಲ್ಲ ಪದರವೂ ಒಂದರ ಮೇಲೊಂದು ಬಿದ್ದಿರುತ್ತದೆ.

ಇನ್ನು ರೆಟಿನಾದಿಂದ ತಿರುಗಿ ಬರುವ ಕೆಂಪು ಬೆಳಕಿನ ಎದುರು ನೋಡಬೇಕು. ಹಿಂಗೋಡೆಯ ತೊಂದರೆ ಆಗಿದ್ದರೆ ಗುಳ್ಳೆಗಳು, ಸುಕ್ಕುಗಳು, ನಾರಿನಂಥ ಗೆರೆಗಳು ಕಾಣುತ್ತವೆ, ಒಂದು ಕಡೆ ದಟ್ಟ, ಒಂದು ಕಡೆ ತೆಳು. ಸುಣ್ಣ ಹಾಗಲ್ಲ. ಹಿಟ್ಟು ಉದುರಿಸಿದಷ್ಟು ನುಣ್ಣಗೆ, ಒಂದೇ ಆಳದಲ್ಲಿ, ಲೆನ್ಸಿನ ಬಾಗುವಿಕೆಯನ್ನೇ ಹಿಡಿದುಕೊಂಡು ಹರಡಿರುತ್ತದೆ. ಅಂಚನ್ನೂ ನೋಡಿ. ಲೆನ್ಸ್ ಮುಗಿದಲ್ಲಿ ಮಬ್ಬೂ ಕತ್ತರಿಸಿದ ಹಾಗೆ ನಿಂತರೆ ಅದು ಲೆನ್ಸಿನದು. ಲೆನ್ಸಿನ ಅಂಚು ದಾಟಿ ಚೀಲದ ಮೇಲೆ ಮುಂದುವರಿದಿದ್ದರೆ ಅದು ಚೀಲದ್ದು.

ಕಲೆಯ ಆಕಾರವೇ ಕಾರಣ ಹೇಳುವುದೂ ಉಂಟು. ಗಾಳಿ, ಗ್ಯಾಸ್ ತಾಗಿದ ಕಣ್ಣುಗಳಲ್ಲಿ ಮುಂಮೈಯ ನಡುವೆ, ಪಾಪೆಯಷ್ಟಗಲ ಅಥವಾ ಚೀಲದ ದುಂಡು ಕಿಂಡಿಯಷ್ಟಗಲ ಮಾತ್ರ ಬಿಲ್ಲೆಯಂತೆ ಕೂತಿರುತ್ತದೆ. ಎಲ್ಲಿ ಲೆನ್ಸ್ ಬಯಲಾಗಿತ್ತೋ ಅಲ್ಲಿ ಹಿಡಿದಿದೆ, ಚೀಲದ ಮರೆಯಲ್ಲಿದ್ದ ಭಾಗ ಉಳಿದುಕೊಂಡಿದೆ. ತಯಾರಿಕೆಯಿಂದಲೇ ಬಂದ ದೋಷದಲ್ಲಿ ಸಾಮಾನ್ಯವಾಗಿ ಲೆನ್ಸ್ ಪೂರ್ತಿ, ಅದನ್ನು ಚೀಲದಲ್ಲಿ ಹಿಡಿದು ನಿಲ್ಲಿಸುವ ಕಾಲುಗಳ ತನಕ ಒಂದೇ ಸಮ ಬೆಳ್ಳಗಾಗಿರುತ್ತದೆ. ಅದಕ್ಕೇ ಪಾಪೆ ಪೂರ್ತಿ ಹಿಗ್ಗಬೇಕು ಅಂದದ್ದು, ಇಲ್ಲದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ.

ಅನುಮಾನ ಉಳಿದರೆ ಕಣ್ಣಿನ ಮುಂಭಾಗದ ಒಸಿಟಿ ಅಥವಾ ಶೈಮ್‌ಫ್ಲಗ್ ಕ್ಯಾಮೆರಾ ಚಿತ್ರ ತೆಗೆಸಿ. ಲೆನ್ಸಿನ ಮೈಮೇಲೆ ಹೊಳೆಯುವ ಗೆರೆ ಎಲ್ಲಿದೆ ಅಂತ ಅದರಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಫೋಟೋ ಇಟ್ಟುಕೊಂಡರೆ ಆರು ತಿಂಗಳ ನಂತರ ಹೋಲಿಸಲಿಕ್ಕೂ ಆಯಿತು.

ಸುಣ್ಣದ ಹಾಗೆ ಕಂಡರೂ ಸುಣ್ಣವಲ್ಲದವು

ಹೈಡ್ರೋಫೋಬಿಕ್ ಅಕ್ರಿಲಿಕ್ ಲೆನ್ಸಿನಲ್ಲಿ ಮಿನುಗುವ ಸಣ್ಣ ಚುಕ್ಕೆಗಳು ಒಡಲಿನ ತುಂಬಾ ಹರಡಿದ್ದರೆ ಅವು ಗ್ಲಿಸ್ಟನಿಂಗ್ಸ್. ಕೆಲವೇ ಮೈಕ್ರಾನ್ ಅಗಲದ ನೀರುಗುಳ್ಳೆಗಳು. ನೋಡಲು ಗಾಬರಿ ಹುಟ್ಟಿಸುತ್ತವೆ, ನೋಟಕ್ಕೆ ಸಾಮಾನ್ಯವಾಗಿ ದೊಡ್ಡ ಧಕ್ಕೆ ಇಲ್ಲ. ಹಲವು ವರ್ಷ ಹಳೆಯ ಅಂಥ ಲೆನ್ಸಿನ ಮೇಲ್ಮೈ ಓರೆ ಬೆಳಕಿನಲ್ಲಿ ಬೆಳ್ಳಗೆ ಹೊಳೆದು, ಹಿಂದಿನಿಂದ ಬೆಳಕು ಬಿಟ್ಟಾಗ ಮಾಯವಾದರೆ ಅದೂ ನೀರಿನದೇ ಕೆಲಸ. ಡಾಕ್ಟರ ಕಡೆಗೆ ವಾಪಸ್ ಬರುವ ಬೆಳಕು ಜಾಸ್ತಿ, ರೆಟಿನಾ ಕಡೆಗೆ ಚದುರುವುದು ಕಡಿಮೆ. ನೋಟ ಚೆನ್ನಾಗಿದ್ದರೆ ಲೆನ್ಸ್ ಎಷ್ಟೇ ಬೆಳ್ಳಗಿದ್ದರೂ ಮುಟ್ಟುವ ಅಗತ್ಯವಿಲ್ಲ.

ಲೆನ್ಸಿಗೂ ಹಿಂಗೋಡೆಗೂ ನಡುವೆ ಹಾಲಿನಂಥ ದ್ರವ ತುಂಬಿಕೊಳ್ಳುವುದು ಇನ್ನೊಂದು. ಇದನ್ನು ಲೆನ್ಸೇ ಬೆಳ್ಳಗಾಗಿದೆ ಅಂತ ತಿಳಿದು ಬದಲಾಯಿಸಲು ಹೊರಡುವ ಅಪಾಯ ಇದೆ. ಓರೆ ಬೆಳಕಿನಲ್ಲಿ ಲೆನ್ಸ್ ತಿಳಿಯಾಗಿದ್ದು ಅದರ ಹಿಂದೆ ಬಿಳಿ ನೀರು ನಿಂತಿದ್ದು ಗೊತ್ತಾಗುತ್ತದೆ. ಇದಕ್ಕೆ ಯಾಗ್ ಲೇಸರೇ ಮದ್ದು, ಹೊಡೆದ ಕೂಡಲೇ ನೋಟ ತಿಳಿಯಾಗುತ್ತದೆ.

ಉರಿಯೂತದ ನಂತರ ಲೆನ್ಸ್ ಮೇಲೆ ಕೂರುವ ಕಂದು ಬಣ್ಣದ ಕಣಗಳು, ಜೀವಕೋಶಗಳು ಬೇರೆ. ಬಹಳ ಹಳೆಯ ಪಿಎಂಎಂಎ ಲೆನ್ಸಿನೊಳಗೆ ಮಂಜಿನ ಹಳಕುಗಳಂತೆ ಕಾಣುವುದು ಪ್ಲಾಸ್ಟಿಕ್ಕೇ ಸವೆದದ್ದು. ಸಿಲಿಕೋನ್ ಲೆನ್ಸಿನ ಹಿಂಮೈಯಲ್ಲಿ ಸುಣ್ಣ ಕಂಡರೆ ಮಾತ್ರ ವಿಟ್ರಿಯಸ್‌ನಲ್ಲಿ ಆಸ್ಟರಾಯ್ಡ್ ಹೈಯಲೋಸಿಸ್ (ಕಣ್ಣಿನ ಹಿಂಭಾಗದ ಆ ಜೆಲ್‌ನಲ್ಲಿ ಬಿಳಿ ಕಣಗಳು ತೇಲುವುದು) ಇದೆಯಾ ಅಂತ ನೋಡಬೇಕು, ಇವೆರಡಕ್ಕೂ ನಂಟಿದೆ. ಅಲ್ಲಿ ಲೇಸರ್‌ನಿಂದ ಕೆರೆದರೂ ಅದು ಮತ್ತೆ ಬಂದು ಕೂರುತ್ತದೆ.

ಲೇಸರ್ ಹೊಡೆದರೆ ಏನು ನಷ್ಟ

ಲೆನ್ಸಿನೊಳಗಿನ ಸುಣ್ಣವನ್ನು ಯಾಗ್ ಲೇಸರ್ ಕರಗಿಸುವುದಿಲ್ಲ. ಬದಲಿಗೆ ಹಿಂಗೋಡೆಯಲ್ಲಿ ಕಿಂಡಿ ಬೀಳುತ್ತದೆ, ಲೆನ್ಸಿನ ಮೇಲೆ ಗುಂಡಿಗಳೂ ಬೀಳಬಹುದು. ಲೆನ್ಸ್ ಬದಲಾಯಿಸುವಾಗ ಆ ಹಿಂಗೋಡೆಯೇ ಆಸರೆ. ಅದು ಇಡಿಯಾಗಿದ್ದರೆ ಹಳೆಯ ಲೆನ್ಸ್ ತೆಗೆದು ಅದೇ ಚೀಲದಲ್ಲಿ ಹೊಸದನ್ನು ಕೂರಿಸುವ ಅವಕಾಶ ಇರುತ್ತದೆ. ಕಿಂಡಿ ಬಿದ್ದಿದ್ದರೆ ಹಿಂದಿನ ವಿಟ್ರಿಯಸ್ ಜೆಲ್ ಮುಂದಕ್ಕೆ ನುಗ್ಗುತ್ತದೆ, ಅದನ್ನು ಕತ್ತರಿಸಿ ತೆಗೆಯಬೇಕು, ಹೊಸ ಲೆನ್ಸಿಗೆ ಬೇರೆ ಜಾಗ ಹುಡುಕಬೇಕು, ರೆಟಿನಾ ತೊಂದರೆಯ ಅಪಾಯ ಏರುತ್ತದೆ. ಮೊದಲ ಲೇಸರ್‌ನಿಂದ ನೋಟ ಸುಧಾರಿಸಲಿಲ್ಲ, ಕಿಂಡಿ ಸಾಲದು, ಇನ್ನೊಮ್ಮೆ ಹೊಡೆದು ದೊಡ್ಡದು ಮಾಡೋಣ ಅಂತ ಯಾರಾದರೂ ಅಂದರೆ ಅಲ್ಲೇ ನಿಲ್ಲಿಸಿ. ಮತ್ತೊಮ್ಮೆ ಪಾಪೆ ಹಿಗ್ಗಿಸಿ, ಓರೆ ಬೆಳಕಿನಲ್ಲಿ ಲೆನ್ಸನ್ನೇ ನೋಡಲು ಕೇಳಿ.

ಸುಣ್ಣ ಅಂತ ಖಚಿತವಾದರೆ

ಡ್ರಾಪ್ಸ್ ಇಲ್ಲ, ಮಾತ್ರೆ ಇಲ್ಲ. ನೋಟಕ್ಕೆ ತೊಂದರೆ ಕಡಿಮೆ ಇದ್ದರೆ ಕಾಯಬಹುದು, ಇದರಿಂದ ಕಣ್ಣೇನೂ ಹಾಳಾಗುವುದಿಲ್ಲ. ಜೀವನ ನಡೆಸಲು ಕಷ್ಟವಾಗುವಷ್ಟು ಮಬ್ಬಿದ್ದರೆ ಲೆನ್ಸ್ ಬದಲಾಯಿಸುವುದೊಂದೇ ದಾರಿ. ಇದು ಮೊದಲ ಆಪರೇಷನ್‌ನಷ್ಟು ಸಲೀಸಲ್ಲ. ಲೆನ್ಸಿನ ಕಾಲುಗಳು ಚೀಲದೊಳಗೆ ನಾರುಗಟ್ಟಿ ಅಂಟಿಕೊಂಡಿರುತ್ತವೆ. ಆಪರೇಷನ್‌ಗೆ ಬಳಸುವ ಜೆಲ್ ಒಳಗೆ ತುಂಬಿ ಮೆಲ್ಲಗೆ ಬಿಡಿಸಬೇಕು, ಲೆನ್ಸನ್ನು ಒಳಗೇ ತುಂಡು ಮಾಡಿ ಹೊರತೆಗೆಯಬೇಕು, ಕಾಲು ಬಿಡದಿದ್ದರೆ ಅದನ್ನು ಕತ್ತರಿಸಿ ಅಲ್ಲೇ ಬಿಡುವುದೂ ಉಂಟು. ಚೀಲ ಹರಿಯಬಹುದು, ಅದನ್ನು ಹಿಡಿದ ಎಳೆಗಳು ಕಿತ್ತುಹೋಗಬಹುದು, ಮೊದಲೇ ಕಸಿ ಆದ ಕಾರ್ನಿಯಾಗೆ ಪೆಟ್ಟಾಗಬಹುದು. ಆದ್ದರಿಂದ ಲೆನ್ಸ್ ಬದಲಾಯಿಸಿ ಕೈ ಪಳಗಿದ ಸರ್ಜನ್‌ರನ್ನೇ ಹುಡುಕಿ, ಎಷ್ಟು ಮಾಡಿದ್ದೀರಿ ಅಂತ ಕೇಳಲು ಸಂಕೋಚ ಬೇಡ. ಹಳೆಯ ಲೆನ್ಸಿನ ಪವರ್ ಬರೆದ ಕಾರ್ಡ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ, ಹೊಸದರ ಲೆಕ್ಕ ಹಾಕಲು.

ಪೊರೆ ಆಪರೇಷನ್ ಇನ್ನೂ ಆಗಬೇಕಾದವರು ನಿಮ್ಮಲ್ಲಿದ್ದರೆ ಒಂದು ಮಾತು. ಫುಕ್ಸ್ ಡಿಸ್ಟ್ರೊಫಿ (ಕಾರ್ನಿಯಾದ ಒಳಪದರ ಮೆಲ್ಲಗೆ ಕೆಡುವ ಕಾಯಿಲೆ) ಇದ್ದು ಮುಂದೆ ಕಾರ್ನಿಯಾ ಕಸಿ ಬೇಕಾಗಬಹುದು ಅಂತ ಹೇಳಿದ್ದರೆ, ಡಯಾಬಿಟಿಸ್‌ನಿಂದ ರೆಟಿನಾ ಕೆಟ್ಟಿದ್ದರೆ, ವಿಟ್ರೆಕ್ಟಮಿ ಆಗುವ ಸಾಧ್ಯತೆ ಇದ್ದರೆ, ಹೈಡ್ರೋಫಿಲಿಕ್ ಲೆನ್ಸ್ ಬೇಡ ಅಂತ ಮೊದಲೇ ಮಾತಾಡಿ. ಈಗಾಗಲೇ ಅಂಥ ಲೆನ್ಸ್ ಇದ್ದು, ಈಗ ಕಸಿ ಅಥವಾ ವಿಟ್ರೆಕ್ಟಮಿ ಮಾಡುತ್ತೇವೆ ಅಂದರೆ ಆ ಸರ್ಜನ್‌ಗೂ ಕಾರ್ಡ್ ತೋರಿಸಿ.

ಲೆನ್ಸ್ ತೆಗೆಸುವುದು ನಿಶ್ಚಯವಾದರೆ ಆಪರೇಷನ್‌ಗೆ ಮುಂಚೆಯೇ ಹೇಳಿಡಿ, ತೆಗೆದ ಲೆನ್ಸನ್ನು ಎಸೆಯಬೇಡಿ, ಲ್ಯಾಬ್‌ಗೆ ಕಳಿಸಿ ಅಂತ. ಅಲಿಜರಿನ್ ರೆಡ್ ಬಣ್ಣ ಹಾಕಿದರೆ ಕ್ಯಾಲ್ಸಿಯಂ ಇದ್ದಲ್ಲಿ ಕೆಂಪಾಗುತ್ತದೆ, ವಾನ್ ಕೋಸಾ ವಿಧಾನದಲ್ಲಿ ಕಪ್ಪಾಗುತ್ತದೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡನ್ನೂ ಗುರುತಿಸಬಹುದು. ವರದಿ ಬಂದಮೇಲೆ ಲಾಟ್ ನಂಬರ್ ಸಮೇತ ತಯಾರಕರಿಗೂ ವೈದ್ಯಕೀಯ ಉಪಕರಣಗಳ ದೂರು ತೆಗೆದುಕೊಳ್ಳುವ ಸರ್ಕಾರಿ ಸಂಸ್ಥೆಗೂ ತಿಳಿಸಲು ಡಾಕ್ಟರನ್ನು ಕೇಳಿ. ಅದೇ ಲಾಟಿನ ಲೆನ್ಸ್ ಬೇರೆ ಯಾರದೋ ಕಣ್ಣಿನಲ್ಲಿದೆ, ಅವರಿಗೆ ಈಗ ತಾನೇ ಮಬ್ಬು ಶುರುವಾಗಿರಬಹುದು.